ಕೆಂಚಜ್ಜಿಯ ಕಣ್ಣಿಗೆ ನೀರು ಬಂದದ್ದು

ಆಗೆಲ್ಲ ಕಣ್ಣಲ್ಲಿ ನೀರೇ ಇರಲಿಲ್ಲ ಮಕ್ಕಳೇ. ಜನ ನಗುತ್ತಿದ್ದರು, ಅಳುತ್ತಿದ್ದರು, ಎಲ್ಲಾ ಒಣ ಒಣ.

ಕೆಂಚಜ್ಜಿ ಅಂಗಳದಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಮೊಮ್ಮಗಳು ನಿಂಗಿ ಬಾಗಿಲು ಹಿಡಿದು ನಿಂತಿದ್ದಳು. ಮೊದಲ ಸಲ ಹೊಸ್ತಿಲು ದಾಟಲು ಕಾಲೆತ್ತಿದಳು. ಮಗು ಹೊಸ್ತಿಲು ದಾಟಿದರೆ ಮನೆಯಲ್ಲಿ ಹೋಳಿಗೆ!

ಅಷ್ಟರಲ್ಲಿ ಗಾಳಿ ಬೀಸಿತು. ಅಜ್ಜಿಯ ಕಣ್ಣಿಗೆ ಹೊಟ್ಟು ಬಿತ್ತು. ಒಂದು ಕಣ್ಣು ಮುಚ್ಚಿತು. ಇನ್ನೊಂದೂ ಮುಚ್ಚಿತು. ಕಣ್ಣುಗಳು ಅಕ್ಕತಂಗಿಯರು. ಒಬ್ಬಳಿಗೆ ನೋವಾದರೆ ಇನ್ನೊಬ್ಬಳೂ ಕದ ಹಾಕುತ್ತಾಳೆ.

"ತಡಿಯೇ ನಿಂಗಿ! ನೀನು ದಾಟೋದು ನಾನು ನೋಡ್ಬೇಕು! ಹೊಟ್ಟಪ್ಪಾ, ಹೊರಡು."

"ಹೊರಡಲ್ಲ. ನೀರು ಬಂದು ಕರೆದರೆ ಹೊರಡ್ತೀನಿ."

ಅಜ್ಜಿ ತಡವುತ್ತಾ ಬಿಂದಿಗೆ ಹತ್ತಿರ ಹೋದಳು.

"ಬಿಂದಿಗವ್ವಾ, ತುಂಬು. ಹೊಟ್ಟು ಹೊರಡಲ್ಲ. ನಿಂಗಿ ದಾಟೋದು ನನಗೆ ಕಾಣಲ್ಲ!"

"ತುಂಬಲ್ಲ. ಬಾವಿಗೆ ಇಳಿಯೋಕೆ ಹಗ್ಗ ಬೇಕು."

ಅಜ್ಜಿ ಹಗ್ಗದ ಹತ್ತಿರ ಹೋದಳು.

"ಹಗ್ಗಣ್ಣಾ, ಬಾ. ಬಿಂದಿಗೆ ತುಂಬಲ್ಲ. ಹೊಟ್ಟು ಹೊರಡಲ್ಲ. ನಿಂಗಿ ದಾಟೋದು ನನಗೆ ಕಾಣಲ್ಲ!"

"ಹೆಂಗೆ ಬರಲಿ? ಎಮ್ಮೆ ನನ್ನ ಮೇಲೇ ಮಲಗಿದೆ!"

ಅಜ್ಜಿ ಎಮ್ಮೆ ಹತ್ತಿರ ಹೋದಳು.

"ಎಮ್ಮಕ್ಕಾ, ಏಳು. ಹಗ್ಗ ಬರಲ್ಲ. ಬಿಂದಿಗೆ ತುಂಬಲ್ಲ. ಹೊಟ್ಟು ಹೊರಡಲ್ಲ. ನಿಂಗಿ ದಾಟೋದು ನನಗೆ ಕಾಣಲ್ಲ!"

"ಏಳಲ್ಲ. ಕಾಗೆ ನನ್ನ ಬೆನ್ನಿನ ಉಣ್ಣಿ ಹೆಕ್ತಾ ಇದೆ. ಆಹಾ, ಏನು ಹಿತ! ಅದು ಹಾರಲಿ, ಆಮೇಲೆ ನೋಡೋಣ."

"ಕಾಗಣ್ಣಾ, ಹಾರು. ಎಮ್ಮೆ ಏಳಲ್ಲ. ಹಗ್ಗ ಬರಲ್ಲ. ಬಿಂದಿಗೆ ತುಂಬಲ್ಲ. ಹೊಟ್ಟು ಹೊರಡಲ್ಲ. ನಿಂಗಿ ದಾಟೋದು ನನಗೆ ಕಾಣಲ್ಲ!"

"ಪುಕ್ಕಟೆ ಹಾರಲ್ಲ ಅಜ್ಜಿ. ಹೋಳಿಗೆ ಕೊಡು, ಹಾರ್ತೀನಿ."

ಹೋಳಿಗೆಯಾ? ಅದಕ್ಕೆ ನಿಂಗಿ ದಾಟಬೇಕು! ಅಜ್ಜಿ ಬಾಗಿಲಿಗೆ ಓಡಿದಳು.

"ದಾಟೇ ನಿಂಗಿ! ಕಾಗೆ ಹಾರಲ್ಲ. ಎಮ್ಮೆ ಏಳಲ್ಲ. ಹಗ್ಗ ಬರಲ್ಲ. ಬಿಂದಿಗೆ ತುಂಬಲ್ಲ. ಹೊಟ್ಟು ಹೊರಡಲ್ಲ. ನೀನು ದಾಟೋದು ನನಗೆ... ಅಯ್ಯಯ್ಯೋ, ದಾಟ್ಬೇಡ ಕಣೇ! ನನಗೆ ಕಾಣಲ್ಲ! ದಾಟು! ದಾಟ್ಬೇಡ!"

ನಿಂಗಿ ಕಾಲೆತ್ತಿದಳು. ಇಳಿಸಿದಳು. ಎತ್ತಿದಳು. ಇಳಿಸಿದಳು. ದೊಪ್ಪನೆ ಕೂತಳು. ಕಿಲಕಿಲ ನಕ್ಕಳು.

ನಿಂಗಿ ನಕ್ಕಳು, ಕಾಗೆ ಬೆಚ್ಚಿ ಹಾರಿತು. ಕಾಗೆ ಹಾರಿತು, ಎಮ್ಮೆ ಎದ್ದಿತು. ಎಮ್ಮೆ ಎದ್ದಿತು, ಹಗ್ಗ ಚಿಮ್ಮಿತು. ಹಗ್ಗ ಚಿಮ್ಮಿತು, ಬಿಂದಿಗೆ ಉರುಳಿತು. ಢಣ ಢಣ ಢಣ!

ಅಜ್ಜಿಗೂ ನಗು ಬಂತು. ನಕ್ಕಳು, ನಕ್ಕಳು, ಹೊಟ್ಟೆ ಹಿಡಿದು ನಕ್ಕಳು. ಅಷ್ಟೊಂದು ನಗು ಒಣಗಿ ಎಲ್ಲಿ ಇದ್ದೀತು? ಕಣ್ಣಿಂದ ನೀರಾಗಿ ಹರಿಯಿತು.

"ನೀರು ಕರೀತು. ಹೊರಟೆ," ಎಂದಿತು ಹೊಟ್ಟು.

ಅಕ್ಕ ಕದ ತೆರೆದಳು. ತಂಗಿ ಕದ ತೆರೆದಳು. ನಿಂಗಿ ಎದ್ದಳು. ಹೊಸ್ತಿಲು ದಾಟಿದಳು! ಅಜ್ಜಿ ಕಣ್ತುಂಬ ನೋಡಿದಳು. ಮತ್ತೆ ನೀರು!

"ಇನ್ನೂ ಹೊಟ್ಟು ಇದೆಯಾ ಅಜ್ಜಿ?" ಕಾಗೆ ಕೇಳಿತು.

"ಇಲ್ಲ ಕಣೋ. ದಾರಿ ಕಂಡ ನೀರು ಸುಮ್ಮನಿರುತ್ತಾ? ಬಾ, ಹೋಳಿಗೆ ತಿನ್ನು."

ಹೋಳಿಗೆ ಕಾಗೆಗೆ. ಹೊಟ್ಟು ಗಾಳಿಗೆ. ನೀರು ನಮ್ಮೆಲ್ಲರ ಕಣ್ಣಿಗೆ.