ಹೊಟ್ಟಿನ ಒಲೆಗೆ ಸಿಕ್ಕ ಜೊತೆ

ಅಕ್ಕಿ ಗಿರಣಿಯೊಂದರಲ್ಲಿ ಭತ್ತದ ಹೊಟ್ಟನ್ನು ಅರೆಬರೆ ಸುಟ್ಟು ಅನಿಲ ಮಾಡುವ ಒಲೆಯೊಂದಿತ್ತು. ಆ ಅನಿಲದಿಂದ ಯಾವ ಯಂತ್ರವೂ ಓಡದಿದ್ದರೆ ಒಲೆಯನ್ನು ಗುಜರಿಗೆ ಹಾಕುವುದೆಂದು ಯಜಮಾನ ಹೇಳಿಯಾಗಿತ್ತು. ಒಲೆ ಹೆದರುತ್ತಲೇ, ಅನಿಲದ ರಭಸಕ್ಕೆ ಅಲಗುಗಳನ್ನು ತಿರುಗಿಸುವ ಗಿರಣಿಯ ಹೊಸ ಟರ್ಬೈನಿನ ಬಳಿ ಹೋಗಿ, "ನನ್ನ ಅನಿಲ ತಮಗಾದೀತೆ?" ಎಂದು ಕೇಳಿತು.

"ಅದರಲ್ಲಿ ಧೂಳಿದೆಯೆ?"

"ಇದೆ. ಡಾಂಬರಿನಂಥ ಅಂಟು ಟಾರೂ ಇದೆ. ಎಷ್ಟು ಸೋಸಿದರೂ ತುಸು ಉಳಿಯುತ್ತದೆ."

"ಅಷ್ಟಕ್ಕೇ ನನ್ನ ಅಲಗುಗಳು ಸವೆದುಹೋಗುತ್ತವೆ. ಬೇರೆಯವರನ್ನು ನೋಡು."

ಗಿರಣಿಯಲ್ಲಿ ಇನ್ನು ಉಳಿದದ್ದು ಹಳೆಯ ಎಂಜಿನ್ ಒಂದೇ. ಈ ಸಲ ಟಾರಿನ ಮಾತನ್ನೇ ಎತ್ತದಿರೋಣವೆಂದು ಒಲೆಗೆ ಆಸೆಯಾಯಿತು. ಆದರೆ ಎಂಜಿನ್ನಿನ ಎದುರು ನಿಂತಾಗ ಮನಸ್ಸು ಒಪ್ಪದೆ ಎಲ್ಲವನ್ನೂ ಹೇಳಿಬಿಟ್ಟಿತು.

"ಹೇಳಿದ್ದು ಒಳ್ಳೆಯದಾಯಿತು ತಂಗಿ," ಎಂದಿತು ಎಂಜಿನ್. "ಹೇಳದಿದ್ದರೆ ನನ್ನ ವಾಲ್ವುಗಳು ಅಂಟಿಕೊಂಡು ನಾನು ನಿಂತೇಹೋಗುತ್ತಿದ್ದೆ. ನಿನ್ನಿಂದಾದಷ್ಟು ಸೋಸಿ, ತಣಿಸಿ ಕೊಡು. ಆಗಾಗ ನನ್ನನ್ನು ಬಿಚ್ಚಿ ಉಳಿದ ಕೊಳೆಯನ್ನು ಒರೆಸಿದರಾಯಿತು."

ಒಲೆ ಅನಿಲ ಕೊಟ್ಟಿತು. ಎಂಜಿನ್ ಜೋರಾಗಿ ಕೆಮ್ಮಿತು. ಒಲೆ ಥಟ್ಟನೆ ಅನಿಲ ನಿಲ್ಲಿಸಹೋಯಿತು.

"ಗಾಬರಿಯಾಗಬೇಡ, ಗಂಟಲು ಸರಿಮಾಡಿಕೊಂಡೆ ಅಷ್ಟೆ," ಎಂದು ಎಂಜಿನ್ ಓಡತೊಡಗಿತು. ಗಿರಣಿಯ ಯಂತ್ರದ ಪಟ್ಟಿ ತಿರುಗಿ ಅಕ್ಕಿ ಸುರಿಯಿತು. ಒಲೆಗೆ ಹೋದ ಜೀವ ಬಂದಂತಾಯಿತು.