ಗೋಡೆಯ ಮೇಲಿನ ಅರ್ಧ ರೊಟ್ಟಿ

"ನಮ್ಮಪ್ಪನ ಪಿರಮಿಡ್ಡು ನನ್ನದರ ಪಕ್ಕ ಇರುವೆಗೂಡಿನ ಹಾಗೆ ಕಾಣಬೇಕು!" ಈಜಿಪ್ಟಿನ ಫೇರೋ ತುಂಬಿದ ಸಭೆಯಲ್ಲಿ ತೊಡೆ ತಟ್ಟಿದ.

ಅದೇ ಉಸಿರಿನಲ್ಲಿ ಇನ್ನೊಂದು ಅಪ್ಪಣೆ. "ಉಗ್ರಾಣ ಬರಿದಾಗ್ತಿದೆ. ಇವತ್ತಿನಿಂದ ಪಿರಮಿಡ್ಡಿನಲ್ಲಿ ಇರುವವರು ಯಾರೇ ಆಗಲಿ, ಊಟಕ್ಕೆ ಅರ್ಧ ರೊಟ್ಟಿ. ಬಿಯರ್ ಇಲ್ಲ. ಎದುರಾಡಿದವನು ಮೊಸಳೆಯ ಪಾಲು!"

ಆಸೆ ಬೆಟ್ಟದಷ್ಟು, ಖರ್ಚು ಬೊಗಸೆಯಷ್ಟು. ಇಂಥ ಗಿರಾಕಿಯನ್ನು ಅಂಗಡಿ ಇಟ್ಟವರೆಲ್ಲ ನೋಡಿರುತ್ತಾರೆ.

ಕಲ್ಲೆಳೆಯುವವರ ಮುಖಂಡ ಸೆನ್ಬಿ, ಆಸ್ಥಾನದ ಜಾಣ ಹೆನುವಿನ ಬಳಿ ಓಡಿಬಂದ. "ಹೆನಣ್ಣಾ, ನಮ್ಮವರು ಹಗ್ಗ ಹಿಡಿದೇ ಕುಸಿದು ಬೀಳ್ತಿದಾರೆ. ದೊರೆಗೆ ಒಂದು ಮಾತು ಹೇಳು."

"ಹೇಳಿದರೆ ಮೊಸಳೆಗೆ ಹಬ್ಬ. ಬಾಯಿ ಬೇಡ ಮಾರಾಯ, ಉಳಿ ಹಿಡಿಯೋನೊಬ್ಬನನ್ನು ಕಳಿಸು."

ಪಿರಮಿಡ್ಡಿನೊಳಗೆ ದೊರೆಯ ಗೋರಿಕೋಣೆಯಲ್ಲಿ ಊಟದ ಚಿತ್ರ ಕೆತ್ತಿಸುವ ಹೊಣೆ ಹೆನುವಿನದು. ಗೋಡೆಯಲ್ಲಿ ಕೆತ್ತಿದ್ದೇ ಸತ್ತವರಿಗೆ ಎಂದೆಂದಿಗೂ ಊಟ ಎಂಬುದು ಆ ದೇಶದ ನಂಬಿಕೆ. ಅಲ್ಲಿಲ್ಲದ್ದು ಆಮೇಲೆ ಅತ್ತು ಕರೆದರೂ ಸಿಗದು.

ಕೆಲಸ ನೋಡಲು ಬಂದ ಫೇರೋ ಪಂಜು ಎತ್ತಿ ಹಿಡಿದ. ಗೋಡೆಯುದ್ದಕ್ಕೂ ತಟ್ಟೆಗಳು. ತಟ್ಟೆಗೊಂದು ಅರ್ಧ ರೊಟ್ಟಿ. ಬಿಯರಿನ ಗಡಿಗೆಗಳೆಲ್ಲ ಬೋರಲು.

"ಏನೋ ಇದು? ಇನ್ನರ್ಧ ಎಲ್ಲಿ?"

"ಉಗ್ರಾಣದಲ್ಲಿ, ಪ್ರಭು."

"ನನಗಿಷ್ಟದ ಬಾತುಕೋಳಿ ಎಲ್ಲಿ?"

"ಅಪ್ಪಣೆಯಲ್ಲಿ ಅದು ಇರಲಿಲ್ಲ. ಪಿರಮಿಡ್ಡಿನಲ್ಲಿ ಇರುವವರು ಯಾರೇ ಆಗಲಿ ಅಂದಿರಿ. ಕಲ್ಲೆಳೆಯುವವರು ಕೆಲಸ ಮುಗಿಸಿ ಮನೆಗೆ ಹೋಗ್ತಾರೆ. ಖಾಯಂ ಆಗಿ ಇಲ್ಲಿರೋದು ತಾವೊಬ್ಬರೇ ಅಲ್ಲವೇ?"

ಕಾವಲಿನವನೊಬ್ಬ ನಗು ತಡೆಯಲಾರದೆ ಕೆಮ್ಮಿದ. ಫೇರೋ ಕಲ್ಲುರೊಟ್ಟಿಯನ್ನು ಬೆರಳಿನಿಂದ ಸವರಿದ.

"ನಮ್ಮಪ್ಪನ ಗೋಡೆಯಲ್ಲಿ ಏನಿದೆ?"

"ಇಡೀ ಎತ್ತು, ಪ್ರಭು. ಕೊಂಬಿನ ಸಮೇತ."

"ಅಪ್ಪಣೆ ರದ್ದು! ಎಲ್ಲರಿಗೂ ಇಡೀ ರೊಟ್ಟಿ, ಬಿಯರು! ನನ್ನ ರೊಟ್ಟಿಗಳನ್ನು ಈಗಿಂದೀಗಲೇ ಪೂರ್ತಿ ಮಾಡಿಸು!"

ಹೆನು ಕದಲಲಿಲ್ಲ. "ಈಗಲೇ ಆಗಲ್ಲ ಪ್ರಭು. ಕೆತ್ತುವವನೂ ಅರ್ಧ ರೊಟ್ಟಿಯವನೇ, ಕೈ ನಡುಗ್ತಿದೆ. ಮೊದಲು ಅವನ ರೊಟ್ಟಿ ಪೂರ್ತಿಯಾಗಲಿ, ಆಮೇಲೆ ತಮ್ಮದು."

ಫೇರೋ ದುರುಗುಟ್ಟಿ ನೋಡಿದ. ಆಮೇಲೆ ನಗು ಹೇಗೆ ಉಕ್ಕಿತೆಂದರೆ ಪಂಜೇ ಕೈಜಾರಿತು.

"ಅವನಿಗೆ ಬಾತುಕೋಳಿಯನ್ನೂ ಬಡಿಸಿ! ಇಲ್ಲದಿದ್ದರೆ ಗೋಡೆಯ ಮೇಲೆ ನನ್ನ ಬಾತುಕೋಳಿಗೆ ಕಾಲು ಕೆತ್ತೋದನ್ನೇ ಮರೆತಾನು!"