ಅರ್ಧ ಹಿಡಿದಿದ್ದ ಕೇಬಲ್

ಶಾಲೆಯ ಕಂಪ್ಯೂಟರಿನೊಳಗೆ ಒಂದು ಹಾರ್ಡ್ ಡಿಸ್ಕ್ ಇತ್ತು. ತೀರಿಹೋದ ಸಂಗೀತದ ಟೀಚರ್ ಹಾಡಿದ್ದ ಪ್ರಾರ್ಥನೆ ಅದರಲ್ಲಿ ಮಾತ್ರ ಉಳಿದಿತ್ತು. ಆದರೆ ಆ ಡಿಸ್ಕ್ ಆಗಾಗ ಪರದೆಯಿಂದ ಕಾಣೆಯಾಗುತ್ತಿತ್ತು, ಮತ್ತೆ ತಾನಾಗಿಯೇ ಕಾಣಿಸಿಕೊಳ್ಳುತ್ತಿತ್ತು.

"ನಾಳೆ ನಿನ್ನನ್ನು ಬಿಚ್ಚಿ ಎಸೆಯುತ್ತಾರಂತೆ," ಎಂದಿತು ಮದರ್‌ಬೋರ್ಡ್. "ಕರೆದರೆ ಓಗೊಡದವನನ್ನು ಯಾರು ಇಟ್ಟುಕೊಳ್ಳುತ್ತಾರೆ?"

"ನಾನು ಇಲ್ಲೇ ಇದ್ದೆನಣ್ಣ. ನೀನು ಕರೆದದ್ದು ನನಗೆ ಕೇಳಿಸಲೇ ಇಲ್ಲ."

ಇಬ್ಬರನ್ನೂ ಜೋಡಿಸುವ ಒಂದು ಕೇಬಲ್ ನಡುವೆ ಇತ್ತು. ಅಂದವಾಗಿ ಕಾಣಲೆಂದು ಯಾರೋ ಅದನ್ನು ಬಿಗಿದು ಕಟ್ಟಿದ್ದರು. ಪೆಟ್ಟಿಗೆ ಬಿಸಿಯಾದಾಗಲೆಲ್ಲ ಅದರ ತುದಿ ಕೊಂಚ ಜಾರುತ್ತಿತ್ತು.

"ನೀನೇನು ಹೇಳುತ್ತೀ ತಂಗಿ?" ಎಂದು ಡಿಸ್ಕ್ ಕೇಳಿತು.

"ನಾನು ಹಿಡಿದೇ ಇದ್ದೇನೆ. ಬಿದ್ದಿಲ್ಲವಲ್ಲ."

"ಬಿದ್ದಿದ್ದರೆ ಯಾರಾದರೂ ನೋಡುತ್ತಿದ್ದರು," ಎಂದಿತು ಡಿಸ್ಕ್.

ಕೇಬಲ್ ಬಹಳ ಹೊತ್ತು ಯೋಚಿಸಿತು. ಮರುದಿನ ಮುಚ್ಚಳ ತೆಗೆಯುವ ಮೊದಲೇ ತನ್ನ ಹಿಡಿತವನ್ನು ಪೂರ್ತಿ ಬಿಟ್ಟುಬಿಟ್ಟಿತು.

"ಡಿಸ್ಕಿನದು ಏನೂ ತಪ್ಪಿಲ್ಲ ಮೇಷ್ಟ್ರೇ, ಕೇಬಲ್ ಕಳಚಿಕೊಂಡಿದೆ ಅಷ್ಟೆ," ಎಂದಳು ರಿಪೇರಿಗೆ ಬಂದಿದ್ದ ಜಬೀನಾ. ಸಡಿಲವಾದದ್ದನ್ನು ತೆಗೆದು ಹೊಸದನ್ನು ಒತ್ತಿ ಕೂರಿಸಿದಳು.

ಹಳೆಯ ಕೇಬಲ್ ಕಸದ ಬುಟ್ಟಿಗೆ ಬಿತ್ತು. ಮೇಷ್ಟ್ರು ಕಂಪ್ಯೂಟರಿನಲ್ಲಿ ಟೀಚರ್ ಹಾಡಿದ್ದ ಪ್ರಾರ್ಥನೆಯನ್ನು ಹಾಕಿದರು. ಇಷ್ಟು ವರ್ಷ ತನ್ನೊಳಗೇ ಹಾದುಹೋಗುತ್ತಿದ್ದ ಆ ಪ್ರಾರ್ಥನೆಯನ್ನು ಅಲ್ಲಿ ಮಲಗಿಕೊಂಡು ಅದು ಮೊದಲ ಬಾರಿಗೆ ಕೊನೆಯತನಕ ಕೇಳಿತು.